ಐ3ಯಲ್ಲಿ ಯಾವ ವಿಂಡೋ ಯಾವ ವರ್ಕ್‌ಸ್ಪೇಸ್‌ಗೆ: ಒಂದು ಕೆಲಸದ ದಾಖಲೆ

ಕನ್ನಡ ಪುಸ್ತಕಗಳ ಕರಡು ತಿದ್ದುವುದು ನನ್ನ ಉದ್ಯೋಗ. ಡೆಬಿಯನ್ ಲಿನಕ್ಸ್ ಹಾಕಿರುವ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಲಿಬ್ರೆಆಫೀಸ್ ರೈಟರ್, ಫೈರ್‌ಫಾಕ್ಸ್, ಥಂಡರ್‌ಬರ್ಡ್, ಒಂದೆರಡು ಟರ್ಮಿನಲ್ ಮತ್ತು ಹಾಡು ಕೇಳಿಸುವ ಒಂದು ತಂತ್ರಾಂಶ ದಿನವಿಡೀ ತೆರೆದಿರುತ್ತವೆ. ವಿಂಡೋಗಳನ್ನು ತೆರೆಯ ಮೇಲೆ ಜೋಡಿಸುವ ತಂತ್ರಾಂಶ, ಅಂದರೆ ವಿಂಡೋ ಮ್ಯಾನೇಜರ್, ಐ3; ಅದು ಟೈಲಿಂಗ್ ಬಗೆಯದು. ಟೈಲಿಂಗ್ ವಿಂಡೋ ಮ್ಯಾನೇಜರ್‌ನಲ್ಲಿ ವಿಂಡೋಗಳು ಒಂದರ ಮೇಲೊಂದು ಬೀಳುವುದಿಲ್ಲ. ಹೊಸದೊಂದು ಬಂದರೆ ಇದ್ದವು ಒತ್ತರಿಸಿಕೊಂಡು ಜಾಗ ಬಿಡುತ್ತವೆ. ಬೇಡದ ಕಡೆ ಅಂಚೆಯ ವಿಂಡೋ ತೆರೆದುಕೊಂಡರೆ ನಾನು ತಿದ್ದುತ್ತಿರುವ ಪುಟದ ಅರ್ಧ ಭಾಗ ಕಣ್ಣಿನಿಂದ ಮರೆಯಾಗುತ್ತದೆ, ಓದುತ್ತಿದ್ದ ಸಾಲು ಎಲ್ಲಿತ್ತೆಂದು ಮತ್ತೆ ಹುಡುಕಬೇಕಾಗುತ್ತದೆ. ಪ್ರತಿಯೊಂದು ತಂತ್ರಾಂಶವೂ ತನ್ನ ವರ್ಕ್‌ಸ್ಪೇಸ್‌ನಲ್ಲಿಯೇ (ಒಂದೊಂದಾಗಿ ತೆರೆಗೆ ತರಬಹುದಾದ ಪ್ರತ್ಯೇಕ ಕೆಲಸದ ಜಾಗ) ತೆರೆಯುವಂತೆ ಮಾಡುವುದು ಈ ಕೆಲಸದ ಗುರಿಯಾಗಿತ್ತು.

ಐ3ಯ ಸೆಟ್ಟಿಂಗುಗಳಿರುವ ಕಾನ್ಫಿಗ್ ಕಡತದ ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿಯೇ ಬರೆದಿದ್ದೇನೆ. ಕಡತದಲ್ಲಿ ಅವುಗಳನ್ನು ರೋಮನ್ ಲಿಪಿಯಲ್ಲಿ ಬರೆಯಬೇಕು. ಕಡತವಿರುವುದು ಮನೆಯ ಫೋಲ್ಡರಿನೊಳಗೆ ಚುಕ್ಕಿಯಿಂದ ಆರಂಭವಾಗುವ 'ಕಾನ್ಫಿಗ್' ಫೋಲ್ಡರಿನ ಐ3 ಎಂಬ ಉಪಫೋಲ್ಡರಿನಲ್ಲಿ. ತಿದ್ದುವ ಮೊದಲು ಅದರ ನಕಲೊಂದನ್ನು ತೆಗೆದಿಟ್ಟುಕೊಂಡೆ, ಪ್ರತಿ ತಿದ್ದುಪಡಿಯ ನಂತರವೂ 'ಐ3 -ಸಿ' ಎಂದು ಕೊಟ್ಟು (ಇದು ದೊಡ್ಡಕ್ಷರದ ಸಿ) ಕಡತದಲ್ಲಿ ದೋಷವಿಲ್ಲವೆಂದು ಖಚಿತಪಡಿಸಿಕೊಂಡೆ.

ಹಂತ 1: ವಿಂಡೋದ ಗುರುತು ತಿಳಿಯುವುದು

ನಿಯಮ ಬರೆಯಬೇಕಾದರೆ ಮೊದಲು ವಿಂಡೋ ತನ್ನನ್ನು ಏನೆಂದು ಕರೆದುಕೊಳ್ಳುತ್ತದೆ ಎಂಬುದು ತಿಳಿದಿರಬೇಕು. ಇದಕ್ಕೆ ಬೇಕಾದ ಉಪಕರಣ ಎಕ್ಸ್‌ಪ್ರಾಪ್. ಡೆಬಿಯನ್‌ನಲ್ಲಿ ಅದು ಎಕ್ಸ್11-ಯುಟಿಲ್ಸ್ ಎಂಬ ಪ್ಯಾಕೇಜಿನಲ್ಲಿ ಸಿಗುತ್ತದೆ. ಟರ್ಮಿನಲ್‌ನಲ್ಲಿ ಎಕ್ಸ್‌ಪ್ರಾಪ್ ಎಂದು ಕೊಟ್ಟರೆ ಮೌಸಿನ ಬಾಣ '+' ಆಕಾರದ ಗುರುತಾಗಿ ಬದಲಾಗುತ್ತದೆ, ಅದರಿಂದ ಬೇಕಾದ ವಿಂಡೋದ ಮೇಲೆ ಕ್ಲಿಕ್ ಮಾಡಿದರೆ ಉದ್ದವಾದ ಪಟ್ಟಿಯೊಂದು ಮೂಡುತ್ತದೆ. ಅದರಲ್ಲಿ ನೋಡಬೇಕಾದ ಸಾಲು 'ಡಬ್ಲ್ಯುಎಮ್_ಕ್ಲಾಸ್' ಒಂದೇ. ಅಲ್ಲಿ ಎರಡು ಹೆಸರುಗಳಿರುತ್ತವೆ: ಮೊದಲನೆಯದು ಇನ್‌ಸ್ಟೆನ್ಸ್, ಎರಡನೆಯದು ಕ್ಲಾಸ್. ಐ3ಯ ನಿಯಮದಲ್ಲಿ 'ಕ್ಲಾಸ್' ಎಂದು ಬರೆದು ಮೊದಲನೆಯ ಹೆಸರನ್ನು ಕೊಟ್ಟರೆ ದೋಷದ ಸಂದೇಶವೇನೂ ಬರುವುದಿಲ್ಲ, ನಿಯಮ ಸುಮ್ಮನೆ ಕೆಲಸ ಮಾಡುವುದಿಲ್ಲ.

ನನ್ನ ಯಂತ್ರದಲ್ಲಿ ಫೈರ್‌ಫಾಕ್ಸ್‌ನ ಇನ್‌ಸ್ಟೆನ್ಸ್ 'ನ್ಯಾವಿಗೇಟರ್', ಕ್ಲಾಸ್ 'ಫೈರ್‌ಫಾಕ್ಸ್-ಇಎಸ್‌ಆರ್'. ಥಂಡರ್‌ಬರ್ಡ್‌ನದು ಹೆಚ್ಚು ಉಪಯುಕ್ತವಾದ ವಿಷಯ: ಮುಖ್ಯ ವಿಂಡೋದ ಇನ್‌ಸ್ಟೆನ್ಸ್ 'ಮೇಲ್' ಎಂದಿದ್ದರೆ, ಪತ್ರ ಬರೆಯುವ ವಿಂಡೋದ್ದು 'ಎಮ್‌ಎಸ್‌ಜಿಕಂಪೋಸ್' ಎಂದಿದೆ, ಕ್ಲಾಸ್ ಮಾತ್ರ ಎರಡಕ್ಕೂ ಒಂದೇ. ಈ ವ್ಯತ್ಯಾಸವನ್ನು ಗುರುತು ಹಾಕಿಕೊಂಡೆ, ಮುಂದೆ ಕೆಲಸಕ್ಕೆ ಬಂತು. ಹೆಸರುಗಳಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿದೆ. ಬ್ರೌಸರಿನ ಹಳೆಯ ಆವೃತ್ತಿಗಳ ಕಾಲದಲ್ಲಿ ಬರೆದ ನಿಯಮಗಳಲ್ಲಿ ಮೊದಲಕ್ಷರ ದೊಡ್ಡದಿರುತ್ತದೆ, ಅವುಗಳನ್ನು ಹಾಗೆಯೇ ನಕಲಿಸಿದರೆ ಇಂದು ಹೊಂದುವುದಿಲ್ಲ.

ಹಂತ 2: ಅಸೈನ್ ನಿಯಮಗಳು

ಸರಳವಾದ ದಾರಿ 'ಅಸೈನ್' ಎಂಬ ಆಜ್ಞೆ. ಅಸೈನ್ ಎಂದು ಬರೆದು, ಚೌಕ ಆವರಣದೊಳಗೆ ಗುರುತನ್ನು ಕೊಟ್ಟು, ಮುಂದೆ ವರ್ಕ್‌ಸ್ಪೇಸ್ ಹೇಳಿದರೆ ಸಾಕು. ಗುರುತಿನ ಹೆಸರು ರೆಗ್ಯುಲರ್ ಎಕ್ಸ್‌ಪ್ರೆಶನ್ (ಅಕ್ಷರಗಳ ಮಾದರಿಯನ್ನು ಹೇಳುವ ಬರಹ) ಆಗಿರುವುದರಿಂದ ಆರಂಭದಲ್ಲಿ '^' ಮತ್ತು ಕೊನೆಯಲ್ಲಿ '$' ಹಾಕಿ ಕಟ್ಟಿಹಾಕುವುದು ಒಳ್ಳೆಯದು. ಇಲ್ಲವಾದರೆ ಆ ಅಕ್ಷರಗಳು ಹೆಸರಿನ ನಡುವೆ ಎಲ್ಲಿದ್ದರೂ ಹೊಂದಿಕೆಯಾಗುತ್ತದೆ. ನಿಯಮಗಳನ್ನು ಕಡತದಲ್ಲಿರುವ ಕ್ರಮದಲ್ಲಿಯೇ ನೋಡಲಾಗುತ್ತದೆ, ಮೊದಲು ಹೊಂದಿದ್ದು ಗೆಲ್ಲುತ್ತದೆ, ನಂತರದವುಗಳನ್ನು ಪರಿಗಣಿಸುವುದಿಲ್ಲ.

ಥಂಡರ್‌ಬರ್ಡ್‌ಗೆ ಕ್ಲಾಸ್ ಮಾತ್ರ ಕೊಟ್ಟು ಪ್ರಯತ್ನಿಸಿದಾಗ ಉತ್ತರ ಬರೆಯುವ ವಿಂಡೋಗಳೂ ಅಂಚೆಯ ವರ್ಕ್‌ಸ್ಪೇಸ್‌ಗೇ ಹೋದವು. ಪುಟವೊಂದನ್ನು ನೋಡುತ್ತ ಅದರ ಬಗ್ಗೆಯೇ ಪ್ರಕಾಶಕರಿಗೆ ಬರೆಯುವಾಗ ಪತ್ರದ ವಿಂಡೋ ಪುಟದ ಪಕ್ಕದಲ್ಲಿಯೇ ಇರಬೇಕು. ಆದ್ದರಿಂದ ಕ್ಲಾಸಿನ ಜೊತೆಗೆ ಇನ್‌ಸ್ಟೆನ್ಸ್ '^ಮೇಲ್$' ಎಂಬುದನ್ನೂ ಸೇರಿಸಿದೆ. ಆವರಣದೊಳಗೆ ಎರಡು ಗುರುತುಗಳಿದ್ದರೆ ಎರಡೂ ಹೊಂದಬೇಕು. ಈಗ ಮುಖ್ಯ ವಿಂಡೋ ಅಂಚೆಯ ಜಾಗಕ್ಕೆ ಹೋಗುತ್ತದೆ, ಪತ್ರ ಬರೆಯುವ ವಿಂಡೋ ನಾನಿರುವಲ್ಲಿಯೇ ತೆರೆಯುತ್ತದೆ.

ಪರೀಕ್ಷಿಸುವಾಗ ನೆನಪಿಡಬೇಕಾದದ್ದು: ಮಾಡ್ (ಐ3ಯ ಆಜ್ಞೆಗಳಿಗೆ ಆರಿಸಿಕೊಂಡ ಕೀಲಿ, ಸಾಮಾನ್ಯವಾಗಿ ಆಲ್ಟ್ ಅಥವಾ ವಿಂಡೋಸ್ ಕೀಲಿ), ಶಿಫ್ಟ್ ಮತ್ತು ಸಿ ಒತ್ತಿ ಕಡತವನ್ನು ಮರುಓದಿಸಿದರೆ ಹೊಸ ನಿಯಮಗಳು ಜಾರಿಗೆ ಬರುತ್ತವೆಯಾದರೂ ಆಗಲೇ ತೆರೆದಿರುವ ವಿಂಡೋಗಳು ಕದಲುವುದಿಲ್ಲ. ತಂತ್ರಾಂಶವನ್ನು ಮುಚ್ಚಿ ಮತ್ತೆ ತೆರೆದಾಗಲೇ ನಿಯಮದ ಫಲ ತಿಳಿಯುವುದು.

ಹಂತ 3: ಒಂದೇ ಹೆಸರಿನ ಎರಡು ವರ್ಕ್‌ಸ್ಪೇಸ್

ವರ್ಕ್‌ಸ್ಪೇಸ್‌ಗಳಿಗೆ ಕನ್ನಡದ ಹೆಸರುಗಳನ್ನೇ ಇಟ್ಟೆ: '1: ಪ್ರೂಫ್', '2: ಜಾಲ', '3: ಅಂಚೆ', '4: ನಕಲು', '9: ಹಾಡು'. ತೆರೆಯ ಕೆಳಗೆ ವರ್ಕ್‌ಸ್ಪೇಸ್‌ಗಳ ಗುಂಡಿಗಳಿರುವ ಪಟ್ಟಿಯಲ್ಲಿ ಇವು ಸರಿಯಾಗಿ ಕಾಣಬೇಕಾದರೆ ಫಾಂಟ್ ಸಾಲಿನಲ್ಲಿ 'ಪ್ಯಾಂಗೋ:' ಎಂಬ ಪೂರ್ವಪದ ಇರಲೇಬೇಕು. ಒತ್ತಕ್ಷರಗಳನ್ನು ಜೋಡಿಸುವ ಕೆಲಸ ಪ್ಯಾಂಗೋ ಎಂಬ ಅಕ್ಷರ ಮೂಡಿಸುವ ತಂತ್ರಾಂಶದ್ದು. ಫಾಂಟ್ಸ್-ಗುಬ್ಬಿ ಪ್ಯಾಕೇಜನ್ನು ಹಾಕಿಕೊಂಡು 'ಪ್ಯಾಂಗೋ:ಗುಬ್ಬಿ 10' ಎಂದು ಬರೆದೆ.

ಇಲ್ಲಿ ಒಂದು ವಿಚಿತ್ರ ಎದುರಾಯಿತು. ಮಾಡ್ ಮತ್ತು 1 ಒತ್ತಿದರೆ ಒಂದು '1: ಪ್ರೂಫ್' ತೆರೆಯುತ್ತಿತ್ತು, ಅಸೈನ್ ನಿಯಮದಿಂದ ಹೋದ ವಿಂಡೋ ಇನ್ನೊಂದು '1: ಪ್ರೂಫ್'ನಲ್ಲಿ ಕುಳಿತಿರುತ್ತಿತ್ತು. ಕೆಳಗಿನ ಪಟ್ಟಿಯಲ್ಲಿ ಕೂದಲೆಳೆಯಷ್ಟೂ ಭೇದವಿಲ್ಲದ ಎರಡು ಗುಂಡಿಗಳು ಅಕ್ಕಪಕ್ಕದಲ್ಲಿದ್ದವು. ಕಡತದ ಆ ಎರಡು ಸಾಲುಗಳನ್ನು ಎಕ್ಸ್‌ಎಕ್ಸ್‌ಡಿ ಮೂಲಕ ಬೈಟು ಬೈಟಾಗಿ ನೋಡಿದಾಗ ಕಾರಣ ತಿಳಿಯಿತು. ಒಂದು ಸಾಲಿನಲ್ಲಿ ಕೊನೆಯ 'ಫ್' ಅಕ್ಷರದ ನಂತರ 'ಇ2 80 8ಸಿ' ಎಂಬ ಮೂರು ಬೈಟುಗಳಿದ್ದವು; ಅದು ಅರ್ಧಾಕ್ಷರ ಮುಂದಿನ ಅಕ್ಷರದೊಂದಿಗೆ ಒತ್ತಾಗಿ ಬೆರೆಯದಂತೆ ತಡೆಯುವ, ಅಗಲವೇ ಇಲ್ಲದ ಯೂನಿಕೋಡ್ ಚಿಹ್ನೆ. ಪದದ ಕೊನೆಯಲ್ಲಿ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ, ಕಣ್ಣಿಗೆ ಕಾಣುವುದಿಲ್ಲ. ಐ3 ಹೋಲಿಸುವುದು ಬೈಟುಗಳನ್ನಾದ್ದರಿಂದ ಅದಕ್ಕೆ ಅವು ಎರಡು ಬೇರೆ ಹೆಸರುಗಳು. ಬೇರೆ ಬೇರೆ ಕೀಬೋರ್ಡ್ ವಿನ್ಯಾಸಗಳಲ್ಲಿ ಟೈಪು ಮಾಡಿದ ಕಡತಗಳನ್ನು ಜೋಡಿಸುವ ಕೆಲಸ ಮಾಡಿದವರಿಗೆ ಈ ಚಿಹ್ನೆಯ ಕಾಟ ಹೊಸದಲ್ಲ.

ಪರಿಹಾರವಾಗಿ ಹೆಸರನ್ನು ಕಡತದ ಮೇಲ್ಭಾಗದಲ್ಲಿ 'ಸೆಟ್' ಆಜ್ಞೆಯಿಂದ ಒಂದೇ ಒಂದು ಕಡೆ ಬರೆದು, '$ಡಬ್ಲ್ಯುಎಸ್1' ಎಂಬಂತಹ ಚರಪದಕ್ಕೆ ಕೊಟ್ಟೆ. ಕೀಲಿಗಳ ಸಾಲುಗಳಲ್ಲಿಯೂ ಅಸೈನ್ ಸಾಲುಗಳಲ್ಲಿಯೂ ಈಗ ಆ ಚರಪದವೇ ಇದೆ. 'ವರ್ಕ್‌ಸ್ಪೇಸ್ ನಂಬರ್ 1' ಎಂದು ಸಂಖ್ಯೆಯಿಂದಲೇ ಕರೆಯುವುದು ಇನ್ನೊಂದು ದಾರಿ. ಆಗ ಮುಂದಿನ ಹೆಸರು ಏನೇ ಇದ್ದರೂ ಲೆಕ್ಕಕ್ಕೆ ಬರುವುದಿಲ್ಲ. 'ನಂಬರ್' ಎಂಬ ಪದ ಬಿಟ್ಟು ಬರಿಯ 1 ಎಂದು ಬರೆದರೆ ಮಾತ್ರ '1' ಎಂಬ ಹೆಸರಿನ ಮೂರನೆಯ ವರ್ಕ್‌ಸ್ಪೇಸ್ ಹುಟ್ಟಿಕೊಳ್ಳುತ್ತದೆ.

ಹಂತ 4: ತಡವಾಗಿ ಹೆಸರು ಹೇಳುವ ವಿಂಡೋ

ಹಾಡಿನ ತಂತ್ರಾಂಶಕ್ಕೆ ಬರೆದ ಅಸೈನ್ ನಿಯಮ ಎಷ್ಟು ಮಾಡಿದರೂ ನಡೆಯಲಿಲ್ಲ. ಎಕ್ಸ್‌ಪ್ರಾಪ್‌ನಲ್ಲಿ ನೋಡಿದರೆ ಕ್ಲಾಸ್ ಸರಿಯಾಗಿಯೇ ಇತ್ತು, ದೊಡ್ಡಕ್ಷರ ಸಣ್ಣಕ್ಷರಗಳೂ ಹೊಂದುತ್ತಿದ್ದವು. ಟರ್ಮಿನಲ್‌ನಿಂದ ಐ3ಯೊಡನೆ ಮಾತಾಡುವ 'ಐ3-ಎಮ್‌ಎಸ್‌ಜಿ' ಉಪಕರಣಕ್ಕೆ 'ಸಬ್‌ಸ್ಕ್ರೈಬ್' ಎಂದು ಕೊಟ್ಟು, ವಿಂಡೋಗಳಿಗೆ ಸಂಬಂಧಿಸಿದ ಘಟನೆಗಳನ್ನು ಟರ್ಮಿನಲ್‌ನಲ್ಲಿ ಹರಿಯಬಿಟ್ಟು ಆ ತಂತ್ರಾಂಶವನ್ನು ತೆರೆದೆ. 'ನ್ಯೂ' ಎಂಬ ಮೊದಲ ಘಟನೆಯ ಸಾಲಿನಲ್ಲಿ ಕ್ಲಾಸ್ ಇರಲೇ ಇಲ್ಲ. ಅದರ ನಂತರ ಬಂದ 'ಟೈಟಲ್' ಘಟನೆಯ ಹೊತ್ತಿಗೆ ಇತ್ತು. ಅಂದರೆ ಈ ತಂತ್ರಾಂಶ ಮೊದಲು ವಿಂಡೋವನ್ನು ತೆರೆಯ ಮೇಲೆ ತಂದು, ತನ್ನ ಹೆಸರನ್ನು ಆಮೇಲೆ ಹೇಳುತ್ತದೆ. ನಾನು ಬಳಸುವ ಆವೃತ್ತಿಯಲ್ಲಿ ಅಸೈನ್ ನಿಯಮವನ್ನು ನೋಡುವುದು ವಿಂಡೋ ಮೊದಲು ಬಂದ ಕ್ಷಣದಲ್ಲಿ ಮಾತ್ರ. ಎಕ್ಸ್‌ಪ್ರಾಪ್ ತೋರಿಸುವುದು ನಾವು ಕ್ಲಿಕ್ ಮಾಡಿದ ಹೊತ್ತಿನ ಸ್ಥಿತಿಯನ್ನಾದ್ದರಿಂದ ಅಲ್ಲಿ ಎಲ್ಲವೂ ಸರಿಯಿರುವಂತೆ ಕಂಡಿತು.

ಇಂತಹ ವಿಂಡೋಗಳಿಗೆ 'ಫಾರ್_ವಿಂಡೋ' ಬೇಕು. ಗುರುತು ಬದಲಾದಾಗಲೂ ಅದನ್ನು ಮತ್ತೆ ಪರಿಶೀಲಿಸಲಾಗುತ್ತದೆ, ಹೊಂದಿದ ಕೂಡಲೇ ಮುಂದಿರುವ ಆಜ್ಞೆ ನಡೆಯುತ್ತದೆ. ಫಾರ್_ವಿಂಡೋ ಎಂದು ಬರೆದು, ಅದೇ ಗುರುತನ್ನು ಕೊಟ್ಟು, 'ಮೂವ್ ಟು ವರ್ಕ್‌ಸ್ಪೇಸ್ $ಡಬ್ಲ್ಯುಎಸ್9' ಎಂದು ಮುಗಿಸಿದೆ. ಒಂದು ವಿಂಡೋಗೆ ಒಂದು ನಿಯಮ ಒಮ್ಮೆ ಮಾತ್ರ ನಡೆಯುವುದರಿಂದ, ಹಾಡು ಬದಲಾದಂತೆಲ್ಲ ಶೀರ್ಷಿಕೆ ಬದಲಾದರೂ ವಿಂಡೋವನ್ನು ಮತ್ತೆ ಮತ್ತೆ ಎಳೆದೊಯ್ಯುವ ತೊಂದರೆ ಇಲ್ಲ; ನಾನೇ ಕೈಯಾರೆ ಬೇರೆಡೆ ಇಟ್ಟರೆ ಅಲ್ಲಿಯೇ ಉಳಿಯುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯೊಂದಿದೆ. ಹೆಸರು ಹೇಳುವವರೆಗಿನ ಕ್ಷಣಮಾತ್ರ ವಿಂಡೋ ನಾನಿರುವ ವರ್ಕ್‌ಸ್ಪೇಸ್‌ನಲ್ಲಿ ತೋರಿ ಮರೆಯಾಗುತ್ತದೆ, ಅಷ್ಟರಲ್ಲಿ ಪುಟ ಒಮ್ಮೆ ಕುಗ್ಗಿ ಹಿಗ್ಗುತ್ತದೆ. ಆದ್ದರಿಂದಲೇ ಎಲ್ಲದಕ್ಕೂ ಫಾರ್_ವಿಂಡೋ ಬಳಸುವ ಸಲಹೆ ನನಗೆ ಒಪ್ಪಿಗೆಯಾಗಲಿಲ್ಲ. ಮೊದಲ ಕ್ಷಣದಲ್ಲಿಯೇ ಹೆಸರು ಹೇಳುವವುಗಳಿಗೆ ಅಸೈನ್, ಉಳಿದವುಗಳಿಗೆ ಮಾತ್ರ ಫಾರ್_ವಿಂಡೋ ಎಂದು ವಿಂಗಡಿಸಿಕೊಂಡೆ. ರೈಟರ್ ಎರಡನೆಯ ಗುಂಪಿಗೆ ಸೇರಿತು: ಅದರ ಕ್ಲಾಸ್ 'ಲಿಬ್ರೆಆಫೀಸ್-ರೈಟರ್' ಎಂದು ಸ್ಥಿರವಾಗುವುದು ವಿಂಡೋ ಬಂದ ನಂತರವೇ.

ಹಂತ 5: ಟರ್ಮಿನಲ್‌ಗೆ ಪ್ರತ್ಯೇಕ ಹೆಸರು

ದಿನದ ಕೆಲಸದ ನಕಲನ್ನು ಆರ್‌ಸಿಂಕ್ ಮೂಲಕ ಹೊರಗಿನ ಡಿಸ್ಕಿಗೆ ಕಳಿಸುವ ಟರ್ಮಿನಲ್ ಒಂದು ಸದಾ ನಾಲ್ಕನೆಯ ವರ್ಕ್‌ಸ್ಪೇಸ್‌ನಲ್ಲಿರಬೇಕು, ಉಳಿದ ಟರ್ಮಿನಲ್‌ಗಳು ಎಲ್ಲಿ ಬೇಕಾದರೂ ತೆರೆಯಬಹುದು. ಎಲ್ಲದರ ಕ್ಲಾಸೂ 'ಎಕ್ಸ್‌ಟರ್ಮ್' ಆಗಿರುವುದರಿಂದ ಕ್ಲಾಸಿನಿಂದ ಬೇರ್ಪಡಿಸಲಾಗದು. ಎಕ್ಸ್‌ಟರ್ಮ್ ಆರಂಭಿಸುವಾಗ '-ನೇಮ್ ನಕಲು' ಎಂದು (ರೋಮನ್ ಅಕ್ಷರಗಳಲ್ಲಿ) ಸೇರಿಸಿದರೆ ಇನ್‌ಸ್ಟೆನ್ಸ್ ಮಾತ್ರ ಬದಲಾಗುತ್ತದೆ. ಅಸೈನ್ ನಿಯಮದಲ್ಲಿ ಆ ಇನ್‌ಸ್ಟೆನ್ಸನ್ನೇ ಹಿಡಿದೆ.

ವಿಂಡೋ ಸರಿಯಾದ ಜಾಗಕ್ಕೆ ಹೋಯಿತು, ಆದರೆ ಅಕ್ಷರಗಳು ಇರುವೆಯ ಗಾತ್ರಕ್ಕೆ ಇಳಿದಿದ್ದವು. ಎಕ್ಸ್‌ಟರ್ಮ್‌ನಂತಹ ತಂತ್ರಾಂಶಗಳ ಸೆಟ್ಟಿಂಗುಗಳಿರುವ ಎಕ್ಸ್‌ರಿಸೋರ್ಸಸ್ ಕಡತದಲ್ಲಿ ಅಕ್ಷರದ ಗಾತ್ರದ ಸಾಲುಗಳು ಸಣ್ಣಕ್ಷರಗಳ 'ಎಕ್ಸ್‌ಟರ್ಮ್' ಎಂಬ ಹೆಸರಿನಿಂದ ಆರಂಭವಾಗಿದ್ದವು. ಅದು ಇನ್‌ಸ್ಟೆನ್ಸಿನ ಹೆಸರು. '-ನೇಮ್' ಕೊಟ್ಟೊಡನೆ ಆ ಹೆಸರೇ ಬದಲಾಗಿ ಸಾಲುಗಳು ಅನ್ವಯವಾಗದೆ ಹೋದವು. ಎಕ್ಸ್ ಮತ್ತು ಟಿ ಎರಡೂ ದೊಡ್ಡಕ್ಷರಗಳಾಗಿರುವ ಕ್ಲಾಸಿನ ಹೆಸರಿನಿಂದ ಅವುಗಳನ್ನು ತಿದ್ದಿ ಬರೆದು, ಆ ಕಡತವನ್ನು ಮತ್ತೆ ಓದಿಸುವ 'ಎಕ್ಸ್‌ಆರ್‌ಡಿಬಿ -ಮರ್ಜ್' ಕೊಟ್ಟ ಮೇಲೆ ಸರಿಯಾಯಿತು.

ಹಂತ 6: ಬ್ರೌಸರ್

ಇಡೀ ಕೆಲಸದಲ್ಲಿ ಹೆಚ್ಚು ಸಮಯ ನುಂಗಿದ್ದು ಇದು. ಫೈರ್‌ಫಾಕ್ಸ್‌ಗೆ ಅಸೈನ್ ನಿಯಮ ಬರೆದಾಗ ತಾಂತ್ರಿಕವಾಗಿ ಎಲ್ಲವೂ ಸರಿಯಾಗಿ ನಡೆಯಿತು: ಅದರ ಪ್ರತಿಯೊಂದು ವಿಂಡೋವೂ '2: ಜಾಲ'ಕ್ಕೆ ಹೋಯಿತು. ತೊಂದರೆ ಇರುವುದೇ ಆ 'ಪ್ರತಿಯೊಂದು' ಎಂಬಲ್ಲಿ. ಕರಡು ತಿದ್ದುವಾಗ ನಿಘಂಟಿನ ಪುಟವೊಂದನ್ನು ಪ್ರತ್ಯೇಕ ವಿಂಡೋದಲ್ಲಿ ಪಕ್ಕಕ್ಕೆ ತೆರೆದಿಟ್ಟುಕೊಳ್ಳುವುದು ನನ್ನ ರೂಢಿ. ಆ ವಿಂಡೋ ಹುಟ್ಟುತ್ತಲೇ ಜಾಲದ ವರ್ಕ್‌ಸ್ಪೇಸ್‌ಗೆ ಓಡುತ್ತಿತ್ತು, ಅದನ್ನು ಮತ್ತೆ ಕರೆತರಬೇಕಾಗುತ್ತಿತ್ತು. ಅಂಚೆ, ಹಾಡು ಮುಂತಾದ ಒಂದೇ ಮುಖ್ಯ ವಿಂಡೋದ ತಂತ್ರಾಂಶಗಳಿಗೆ ಶಾಶ್ವತ ನಿಯಮ ಸೂಕ್ತವೇ ಹೊರತು, ಎಲ್ಲ ಕೆಲಸಗಳ ಜೊತೆಗೂ ಬರುವ ಬ್ರೌಸರಿಗೆ ಅದು ಕೈಕೋಳವಾಗುತ್ತದೆ. ನನಗೆ ಬೇಕಾಗಿದ್ದದ್ದು ಬೆಳಗ್ಗೆ ಲಾಗಿನ್ ಆದಾಗ ತೆರೆಯುವ ಮೊದಲ ವಿಂಡೋ ಮಾತ್ರ ಎರಡನೆಯ ವರ್ಕ್‌ಸ್ಪೇಸ್‌ಗೆ ಹೋಗುವುದು.

ಮೊದಲ ಪ್ರಯತ್ನವಾಗಿ ಆರಂಭದ ಸಾಲುಗಳಲ್ಲಿ 'ಐ3-ಎಮ್‌ಎಸ್‌ಜಿ' ಮೂಲಕ 'ಎರಡಕ್ಕೆ ಹೋಗು, ಬ್ರೌಸರ್ ತೆರೆ. ಮೂರಕ್ಕೆ ಹೋಗು, ಅಂಚೆ ತೆರೆ' ಎಂಬ ಸರಣಿಯನ್ನು ಕೊಟ್ಟೆ. ಐ3 ತನ್ನ 'ಎಕ್ಸೆಕ್' ಆಜ್ಞೆಯಿಂದ ಆರಂಭಿಸಿದ ತಂತ್ರಾಂಶಕ್ಕೆ ಸ್ಟಾರ್ಟ್‌ಅಪ್ ನೋಟಿಫಿಕೇಶನ್ ಎಂಬ ವ್ಯವಸ್ಥೆಯ ಮೂಲಕ ಒಂದು ಗುರುತುಚೀಟಿಯನ್ನು ಕೊಟ್ಟಿರುತ್ತದೆ. ತಂತ್ರಾಂಶ ಅದನ್ನು ಹಿಂತಿರುಗಿ ತೋರಿಸಿದರೆ, ಅಷ್ಟರಲ್ಲಿ ನಾವು ಎಲ್ಲಿಗೆ ಹೋಗಿದ್ದರೂ ವಿಂಡೋ ಮೊದಲು ಆಜ್ಞೆ ಕೊಟ್ಟ ವರ್ಕ್‌ಸ್ಪೇಸ್‌ನಲ್ಲಿಯೇ ತೆರೆಯುತ್ತದೆ. ಈ ಚೀಟಿಯನ್ನು ಲೆಕ್ಕಿಸದ ತಂತ್ರಾಂಶಗಳು ತಾವು ಸಿದ್ಧವಾದಾಗ ತೆರೆಯಲ್ಲಿ ಯಾವುದಿದೆಯೋ ಅಲ್ಲಿ ಇಳಿಯುತ್ತವೆ. ನಡುವೆ 'ಸ್ಲೀಪ್ 5' ಎಂದು ಕಾಯಿಸುವ ಉಪಾಯ ಯಂತ್ರ ಆಗಷ್ಟೇ ಆನ್ ಆದಾಗ ಸಾಲದು, ಮರುಲಾಗಿನ್ ಆದಾಗ ಸುಮ್ಮನೆ ಕಾಲಹರಣ. ಇದನ್ನು ಕೈಬಿಟ್ಟೆ.

ಕೊನೆಗೆ ಕೆಲಸಕ್ಕೆ ಬಂದದ್ದು 'ಅಪೆಂಡ್_ಲೇಔಟ್'. ಇದರಲ್ಲಿ ಮೊದಲೇ ಖಾಲಿ ಚೌಕಟ್ಟೊಂದನ್ನು ವರ್ಕ್‌ಸ್ಪೇಸ್‌ನಲ್ಲಿ ಇಟ್ಟು, ಯಾವ ಗುರುತಿನ ವಿಂಡೋ ಬಂದರೆ ಅದನ್ನು ನುಂಗಬೇಕೆಂದು ಹೇಳಿಡಬಹುದು. ಕ್ರಮ ಹೀಗಿತ್ತು. ಬ್ರೌಸರನ್ನು ಎರಡನೆಯ ವರ್ಕ್‌ಸ್ಪೇಸ್‌ನಲ್ಲಿ ಕೈಯಾರೆ ಇಟ್ಟು, 'ಐ3-ಸೇವ್-ಟ್ರೀ' ಉಪಕರಣದಿಂದ ಆ ವರ್ಕ್‌ಸ್ಪೇಸ್‌ನ ವಿನ್ಯಾಸವನ್ನು ಜೇಸನ್ ಕಡತವಾಗಿ ಉಳಿಸಿದೆ. ಆ ಕಡತದ 'ಸ್ವಾಲೋಸ್' ಭಾಗದಲ್ಲಿ ಕ್ಲಾಸ್, ಇನ್‌ಸ್ಟೆನ್ಸ್, ಟೈಟಲ್ ಮುಂತಾದ ಸಾಲುಗಳು ಎರಡು ಓರೆಗೆರೆಗಳ ಹಿಂದೆ ನಿಷ್ಕ್ರಿಯವಾಗಿರುತ್ತವೆ. ಯಾವುದು ಬೇಕೆಂಬುದನ್ನು ನಾವೇ ಆರಿಸಬೇಕು. ಕ್ಲಾಸ್ ಮತ್ತು ಇನ್‌ಸ್ಟೆನ್ಸ್ ಸಾಲುಗಳ ಓರೆಗೆರೆಗಳನ್ನು ತೆಗೆದು, ಉಳಿದ ಸಾಲುಗಳನ್ನು ಅಳಿಸಿದೆ. ಟೈಟಲ್ ಸಾಲನ್ನು ಉಳಿಸಿಕೊಂಡಿದ್ದರೆ ಅದರಲ್ಲಿರುವುದು ಅಂದು ತೆರೆದಿದ್ದ ಪುಟದ ಶೀರ್ಷಿಕೆ. ಮರುದಿನ ಅದು ಹೊಂದುವ ಸಂಭವವೇ ಇಲ್ಲ. ಉಳಿದ ಕೊನೆಯ ಸಾಲಿನ ಅಂತ್ಯದ ಅಲ್ಪವಿರಾಮವನ್ನೂ ತೆಗೆಯಬೇಕು, ಇಲ್ಲವಾದರೆ ಕಡತವನ್ನು ಓದಲಾಗುವುದಿಲ್ಲ.

ನಂತರ ಆರಂಭದ ಕೆಲಸಗಳನ್ನು ಆಜ್ಞೆಗಳನ್ನು ಒಂದಾದ ಮೇಲೊಂದರಂತೆ ನಡೆಸುವ ಒಂದು ಶೆಲ್ ಸ್ಕ್ರಿಪ್ಟಿಗೆ ಸ್ಥಳಾಂತರಿಸಿದೆ: ಮೊದಲು ಎರಡನೆಯ ವರ್ಕ್‌ಸ್ಪೇಸ್‌ಗೆ ಹೋಗಿ ವಿನ್ಯಾಸವನ್ನು ಇಳಿಸುವುದು, ಆಮೇಲೆ ಮೊದಲನೆಯದಕ್ಕೆ ಮರಳುವುದು, ಅದಾದ ಮೇಲೆ ತಂತ್ರಾಂಶಗಳನ್ನು ತೆರೆಯುವುದು. ಕಾನ್ಫಿಗ್‌ನಲ್ಲಿರುವ ಎಕ್ಸೆಕ್ ಸಾಲುಗಳು ಒಂದು ಮುಗಿಯುವವರೆಗೆ ಇನ್ನೊಂದು ಕಾಯುವುದಿಲ್ಲ. ಸ್ಕ್ರಿಪ್ಟಿನೊಳಗೆ ಪ್ರತಿ 'ಐ3-ಎಮ್‌ಎಸ್‌ಜಿ' ಉತ್ತರ ಪಡೆದ ನಂತರವೇ ಮುಂದುವರಿಯುವುದರಿಂದ ಈ ಕ್ರಮ ಕೆಡುವುದಿಲ್ಲ. ಸ್ಕ್ರಿಪ್ಟನ್ನು 'ಎಕ್ಸೆಕ್' ಮೂಲಕ ಕರೆಯಬೇಕು. 'ಎಕ್ಸೆಕ್_ಆಲ್ವೇಸ್' ಎಂದು ಬರೆದರೆ ಐ3ಯನ್ನು ಇದ್ದಲ್ಲಿಯೇ ಮರುಆರಂಭಿಸಿದಾಗಲೆಲ್ಲ ಇನ್ನೊಂದು ಖಾಲಿ ಚೌಕಟ್ಟು ಬಂದು ಕೂರುತ್ತದೆ.

ಈಗ ಲಾಗಿನ್ ಆದ ಕೂಡಲೇ ಎರಡನೆಯದನ್ನು ನೋಡಿದರೆ ಖಾಲಿ ಚೌಕಟ್ಟಿನ ಮೇಲೆ ಅದು ಕಾಯುತ್ತಿರುವ ಗುರುತುಗಳು ಬರೆದಿರುತ್ತವೆ, ನಡುವೆ ಗಡಿಯಾರದ ಚಿಹ್ನೆಯಿರುತ್ತದೆ. ಬ್ರೌಸರ್ ಬಂದು ಆ ಜಾಗದಲ್ಲಿ ಕೂತ ಮೇಲೆ ಚೌಕಟ್ಟಿನ ಕೆಲಸ ಮುಗಿಯಿತು. ಮುಂದೆ ತೆರೆಯುವ ಬ್ರೌಸರ್ ವಿಂಡೋಗಳು ನಾನಿರುವಲ್ಲಿಯೇ ತೆರೆಯುತ್ತವೆ. ಬ್ರೌಸರ್ ಯಾವ ಕಾರಣಕ್ಕೋ ಆರಂಭವಾಗದಿದ್ದರೆ ಚೌಕಟ್ಟು ಹಾಗೆಯೇ ಉಳಿಯುತ್ತದೆ, ಸಾಮಾನ್ಯ ವಿಂಡೋದಂತೆ ಅದನ್ನು ಮಾಡ್, ಶಿಫ್ಟ್ ಮತ್ತು ಕ್ಯೂ ಒತ್ತಿ ಮುಚ್ಚಬಹುದು.

ಹಂತ 7: ಎರಡನೆಯ ಮಾನಿಟರ್

ಖರ್ಚಾದದ್ದು ಇಲ್ಲಿ ಮಾತ್ರ, ಎಚ್‌ಡಿಎಮ್‌ಐ ಕೇಬಲ್ಲಿಗೆ 350 ರೂಪಾಯಿ; ಮಾನಿಟರ್ ಮನೆಯಲ್ಲಿಯೇ ಇತ್ತು. 'ಎಕ್ಸ್‌ರ್‍ಯಾಂಡರ್' ಕೊಟ್ಟು ಪರದೆಗಳ ಹೆಸರು ತಿಳಿದುಕೊಂಡೆ: ಲ್ಯಾಪ್‌ಟಾಪಿನದು 'ಇಡಿಪಿ-1', ಹೊರಗಿನದು 'ಎಚ್‌ಡಿಎಮ್‌ಐ-1'. 'ವರ್ಕ್‌ಸ್ಪೇಸ್ $ಡಬ್ಲ್ಯುಎಸ್1 ಔಟ್‌ಪುಟ್ ಎಚ್‌ಡಿಎಮ್‌ಐ-1' ಎಂಬ ಸಾಲಿನಿಂದ ಪ್ರೂಫ್ ದೊಡ್ಡ ಪರದೆಗೆ ಹೋಯಿತು, ಅಂಚೆ ಮತ್ತು ಹಾಡು ಲ್ಯಾಪ್‌ಟಾಪಿನಲ್ಲಿ ಉಳಿದವು. ವಿಂಡೋವನ್ನು ವರ್ಕ್‌ಸ್ಪೇಸ್‌ಗೆ, ವರ್ಕ್‌ಸ್ಪೇಸನ್ನು ಪರದೆಗೆ ಕಟ್ಟುವ ಈ ಎರಡು ಬಗೆಯ ಸಾಲುಗಳು ಬೇರೆ ಬೇರೆಯಾಗಿರುವುದರಿಂದ ಹಿಂದಿನ ಯಾವ ನಿಯಮವನ್ನೂ ತಿದ್ದಬೇಕಾಗಲಿಲ್ಲ. ಕೇಬಲ್ ಕಿತ್ತರೆ ಎಲ್ಲ ವರ್ಕ್‌ಸ್ಪೇಸ್‌ಗಳೂ ಲ್ಯಾಪ್‌ಟಾಪಿನಲ್ಲಿ ಬಂದು ಸೇರುತ್ತವೆ, ಮತ್ತೆ ಜೋಡಿಸಿ ಪರದೆಯನ್ನು ಸಕ್ರಿಯಗೊಳಿಸಿದರೆ ಪ್ರೂಫ್ ತನ್ನ ಜಾಗಕ್ಕೆ ಮರಳುತ್ತದೆ.

ಹಂತ 8: ಕೆಂಪು ಗುಂಡಿ

ಒಂದು ವಿಷಯವನ್ನು ಇದ್ದಂತೆಯೇ ಬಿಟ್ಟಿದ್ದೇನೆ. ತೆರೆಯಲ್ಲಿ ಕಾಣದ ವರ್ಕ್‌ಸ್ಪೇಸ್‌ಗೆ ಅಸೈನ್ ನಿಯಮದಿಂದ ವಿಂಡೋ ಹೋದಾಗ ಐ3 ಅದನ್ನು ತುರ್ತು ಎಂದು ಗುರುತಿಸುತ್ತದೆ, ಪಟ್ಟಿಯಲ್ಲಿ ಆ ವರ್ಕ್‌ಸ್ಪೇಸ್‌ನ ಗುಂಡಿ ಕೆಂಪಾಗುತ್ತದೆ. ಬೆಳಗ್ಗೆ ಲಾಗಿನ್ ಆದಾಗ ಅಂಚೆ ಮತ್ತು ನಕಲು ಎರಡೂ ಕೆಂಪಾಗಿರುತ್ತವೆ, ಒಮ್ಮೆ ಅಲ್ಲಿಗೆ ಹೋಗಿಬಂದರೆ ಆರುತ್ತವೆ. ಫಾರ್_ವಿಂಡೋದಿಂದ ಹೋದ ಹಾಡಿಗಾಗಲಿ, ಚೌಕಟ್ಟು ನುಂಗಿದ ಬ್ರೌಸರಿಗಾಗಲಿ ಹೀಗಾಗುವುದಿಲ್ಲ. ಪಟ್ಟಿಯ ಬಣ್ಣಗಳನ್ನು ಬದಲಿಸಿ ಕೆಂಪನ್ನು ಅಡಗಿಸಬಹುದಿತ್ತು, ಆದರೆ ಆಗ ನಿಜವಾಗಿ ಗಮನ ಕೇಳುವ ವಿಂಡೋಗಳ ಸೂಚನೆಯೂ ಕಾಣದಂತಾಗುತ್ತದೆ. ಅಂಚೆಗೂ ಫಾರ್_ವಿಂಡೋ ಬರೆದರೆ ಕೆಂಪು ಹೋಗುತ್ತದೆ, ಬದಲಿಗೆ ನಾಲ್ಕನೆಯ ಹಂತದಲ್ಲಿ ಹೇಳಿದಂತೆ ವಿಂಡೋ ಕಣ್ಣೆದುರು ಮಿಂಚಿ ಹೋಗುವುದನ್ನು ಸಹಿಸಬೇಕು. ಎರಡರಲ್ಲಿ ಕೆಂಪು ಗುಂಡಿಯೇ ವಾಸಿ: ಥಂಡರ್‌ಬರ್ಡ್ ತೆರೆದಾಯಿತೆಂಬುದು ಅಲ್ಲಿಗೆ ಹೋಗದೆಯೇ ತಿಳಿಯುತ್ತದೆ.